ಇಪ್ಪತ್ತೆರಡನೇ ಹೈನ್ರಿಖ್

ಗುಡ್ರುನ್‌ಗೆ ಹದ್ದು ಕಂಡರೆ ಆಗುತ್ತಿರಲಿಲ್ಲ. ಆಕಾಶದಲ್ಲಿ ಹಾರುವ ಹದ್ದಲ್ಲ, ಅದು ಪಾಪ ಇಲಿ ಹಿಡಿದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಅವಳಿಗೆ ಸಾಕಾಗಿದ್ದು ಬೆಳ್ಳಿಯ ಹದ್ದು. ಜರ್ಮನಿಯ ಚಕ್ರವರ್ತಿ ಕೈಸರನ ಕಾಲದ ನಾಣ್ಯಗಳ ಬೆನ್ನ ಮೇಲೆ ರೆಕ್ಕೆ ಹರಡಿ, ನಾಲಿಗೆ ಚಾಚಿ, ತಲೆಯ ಮೇಲೊಂದು ಕಿರೀಟ ತೇಲಿಸಿಕೊಂಡು ನಿಂತಿರುತ್ತದಲ್ಲ, ಅದು. ಮೂರು ವರ್ಷದಿಂದ ದಿನಾ ಸಂಜೆ ಅದರ ಗರಿಗಳನ್ನು ಗಂಡನಿಗೆ ಓದಿ ಹೇಳುವುದೇ ಅವಳ ಪಾಲಿನ ಕೆಲಸವಾಗಿತ್ತು.

ಓದುವುದು ಎಂದೇ ಆ ಮನೆಯಲ್ಲಿ ಅನ್ನುತ್ತಿದ್ದರು. ಅವಳ ಗಂಡ ವೋಲ್ಕ್‌ಮಾರ್‌ಗೆ ಕಣ್ಣಿನ ನಡುಭಾಗ ಹೋಗಿತ್ತು. ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು, ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗಿ ಬರುವಷ್ಟು. ಆದರೆ ಯಾವುದನ್ನು ನೋಡಬೇಕೆಂದು ದೃಷ್ಟಿ ನೆಡುತ್ತಾನೋ ಸರಿಯಾಗಿ ಅಲ್ಲೇ ಒಂದು ಬೂದಿ ಬಣ್ಣದ ಮುದ್ದೆ ಬಂದು ಕೂತುಬಿಡುತ್ತಿತ್ತು. ಕಾಸ್ಸೆಲ್ ಸುತ್ತಮುತ್ತಲ ಹೊಲ ಗದ್ದೆಗಳನ್ನೆಲ್ಲ ಅಳೆದು, ಗೇಣು ಜಾಗಕ್ಕೂ ಲೆಕ್ಕ ಕೊಟ್ಟ ಸರ್ವೆಯವನಿಗೆ ದೇವರು ಬೇರೆ ಯಾವ ಕಾಯಿಲೆಯನ್ನಾದರೂ ಕೊಡಬಹುದಿತ್ತು.

ಸಂಜೆ ಬ್ರೆಡ್ಡು, ಚೀಸು, ಉಪ್ಪುನೀರಿನ ಸೌತೆಕಾಯಿ ಮುಗಿಸಿ ಅವಳು ತಟ್ಟೆ ಎತ್ತುವ ಮೊದಲೇ ಅವನು ಮೇಜಿನ ಮೇಲೆ ಕರಿಬಟ್ಟೆ ಹಾಸಿ ಕೂತಿರುತ್ತಿದ್ದ. ಅವಳು ನಾಣ್ಯಗಳನ್ನು ಜೋಡಿಸಿಟ್ಟ ಕೆಂಪು ಮಖಮಲ್ಲಿನ ತಟ್ಟೆ ತಂದು, ಅವತ್ತಿನ ನಾಣ್ಯವನ್ನು ಅಂಚಿನಲ್ಲಿ ಹಿಡಿದೆತ್ತಿ, ದೀಪದಡಿ ಭೂತಗನ್ನಡಿ ಹಿಡಿದು ಶುರು ಮಾಡಬೇಕು.

"ಬಲಗಡೆ ರೆಕ್ಕೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನು ಮಾರಾಯ್ತಿ? ಪಕ್ಕದ್ಮನೆ ಮಗು ಹೇಗಿದೆ ಅಂತ ಕೇಳಿದ್ನಾ ನಾನು? ಗರಿ ಬಿಡಿಬಿಡಿಯಾಗಿ ಕಾಣ್ತಾ ಇದೆಯಾ, ಇಲ್ಲ ಒಂದಕ್ಕೊಂದು ಅಂಟಿಕೊಂಡಿದೆಯಾ?"

"ಮೂರನೇ ಗರಿ ಸವೆದಿದೆ."

"ನಿನ್ನೆ ನಾಲ್ಕನೇದು ಅಂದಿದ್ದೆ."

"ನಿನ್ನೆ ಓದಿದ್ದು ಬವೇರಿಯಾ ರಾಜ್ಯದ ನಾಣ್ಯ. ಇವತ್ತು ಓಲ್ಡೆನ್‌ಬುರ್ಗ್‌ದು."

"ಹೌದಾ? ಹಾಗಾದ್ರೆ ಸರಿ. ಮುಂದೆ ಓದು."

ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಊರಿನವರ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನೆಲ್ಲ ಓದಿ ನಿವೃತ್ತಳಾದವಳು ಗುಡ್ರುನ್. ಇನ್ನು ಏನನ್ನೂ ಓದದೆ ಸಮುದ್ರ ನೋಡುತ್ತ ಕೂರಬೇಕೆಂದಿದ್ದಳು. ಅವಳ ಅಕ್ಕ ಲೋರೆ ಕುಕ್ಸ್‌ಹಾಫೆನ್ನಿನಲ್ಲಿ, ಕಿಟಕಿ ತೆಗೆದರೆ ಹಡಗು ಕಾಣುವ ಮನೆಯಲ್ಲಿ ಒಬ್ಬಳೇ ಇದ್ದಳು. "ಬಾರೇ, ಒಂದು ತಿಂಗಳು ಇದ್ದು ಹೋಗೇ," ಎಂದು ಪ್ರತಿ ಬೇಸಿಗೆಗೂ ಫೋನ್ ಮಾಡುತ್ತಿದ್ದಳು. ಗುಡ್ರುನ್ ಫೋನ್ ಇಟ್ಟು ಬಂದು, "ಲೋರೆ ಫೋನ್ ಮಾಡಿದ್ಲು," ಅನ್ನುತ್ತಿದ್ದಳು. ಅಷ್ಟೇ ಹೇಳಿ ನಿಲ್ಲಿಸುತ್ತಿದ್ದಳು. ವೋಲ್ಕ್‌ಮಾರ್, "ಹೈನ್ರಿಖ್ ಒಬ್ಬ ಸಿಗಲಿ ಕಣೆ. ಆಮೇಲೆ ಈ ಪೆಟ್ಟಿಗೆ ಮುಚ್ಚೋಣ, ನೀನು ಆರಾಮಾಗಿ ಹೋಗಿ ಬಾ," ಎನ್ನುತ್ತಿದ್ದ. ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. ಒಳ್ಳೆಯ ಮನಸ್ಸಿನವರ ಜೊತೆ ಜಗಳವಾಡುವುದು ಎಷ್ಟು ಕಷ್ಟ ಎಂದು ಸಂಸಾರ ಮಾಡಿದವರಿಗೇ ಗೊತ್ತು.

ಹೈನ್ರಿಖ್ ಅಂದರೆ ಮನುಷ್ಯನಲ್ಲ. ಮನುಷ್ಯನೇ, ಆದರೆ ಸತ್ತು ಎಷ್ಟೋ ಕಾಲವಾದ, ರಾಯ್ಸ್ ಎಂಬ ಅಂಗೈಯಗಲದ ಸಂಸ್ಥಾನದ ದೊರೆ. ಆ ಮನೆತನದಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಹೈನ್ರಿಖ್ ಎಂದೇ ಹೆಸರು. ಬೇರೆ ಹೆಸರು ಹುಡುಕುವ ತೊಂದರೆಯೇ ಬೇಡವೆಂದು ನಂಬರು ಕೊಟ್ಟು ಸಾಕಿದರು. ಅವರಲ್ಲಿ ಇಪ್ಪತ್ತೆರಡನೆಯವನ ತಲೆ ಇರುವ ಎರಡು ಮಾರ್ಕಿನ ಬೆಳ್ಳಿ ನಾಣ್ಯವೊಂದೇ ವೋಲ್ಕ್‌ಮಾರ್‌ನ ತಟ್ಟೆಯಲ್ಲಿ ಇರಲಿಲ್ಲ. ಕೈಸರನ ಸಾಮ್ರಾಜ್ಯದ ಇಪ್ಪತ್ತೈದು ರಾಜ್ಯಗಳಿಂದ ಒಂದೊಂದು ಬೆಳ್ಳಿ ನಾಣ್ಯ ಕೂಡಿಸುತ್ತೇನೆಂದು ಮದುವೆಯಾದ ಹೊಸದರಲ್ಲಿ ಹೊರಟವನು, ಪ್ರಶ್ಯಾ ಸ್ಯಾಕ್ಸನಿಗಳಿಂದ ಹಿಡಿದು ಹ್ಯಾಂಬರ್ಗ್ ಲ್ಯೂಬೆಕ್‌ವರೆಗೆ ಎಲ್ಲವನ್ನೂ ತಂದು ಕೂರಿಸಿದ್ದ. ಮಖಮಲ್ಲಿನ ಒಂದು ಕುಳಿ ಮಾತ್ರ ಬಿದ್ದ ಹಲ್ಲಿನ ಜಾಗದ ಹಾಗೆ ಖಾಲಿ.

ಸಿಗದೆ ಖಾಲಿ ಉಳಿದಿತ್ತೆಂದಲ್ಲ. ಸಿಕ್ಕಿದ್ದಕ್ಕೆಲ್ಲ ವೋಲ್ಕ್‌ಮಾರ್ ಹೆಸರಿಡುತ್ತಿದ್ದ. ಒಂದು ತುಂಬ ಸವೆದಿದೆ, ಒಂದನ್ನು ಯಾವನೋ ದಡ್ಡ ಪಾತ್ರೆ ಪುಡಿ ಹಾಕಿ ಉಜ್ಜಿದ್ದಾನೆ, ಇನ್ನೊಂದರಲ್ಲಿ ದೊರೆಯ ಮೂಗು ಜಜ್ಜಿದೆ. ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಅವನೂ ಅವನ ಗೆಳೆಯರೂ ಪಳಗಿದವರು. ಕಣ್ಣು ಹೋದ ಮೇಲಾದರೂ ಕಲ್ಲು ಕಾಣದೇನೋ ಎಂದು ಗುಡ್ರುನ್ ಅಂದುಕೊಂಡಿದ್ದಳು. ಆದರೆ ಈಗ ಅವಳ ಕಣ್ಣಲ್ಲಿ ಹುಡುಕತೊಡಗಿದ.

ಮಾರ್ಚ್ ತಿಂಗಳ ಒಂದು ಶನಿವಾರ ಗ್ಯೋಟಿಂಗೆನ್ನಿನ ಸಭಾಭವನದಲ್ಲಿ ನಾಣ್ಯದ ಸಂತೆ. ಅವಳೇ ಕಾರು ಓಡಿಸಿಕೊಂಡು ಕರೆದೊಯ್ದಳು. ಬೆಳಗಿನಿಂದ ಅವನ ಮೊಣಕೈ ಹಿಡಿದು ಮೇಜಿನಿಂದ ಮೇಜಿಗೆ ಓದುತ್ತ ಅವಳ ಗಂಟಲು ಒಣಗಿ, ಮೊಣಕಾಲು ಊದಿಕೊಂಡಿತ್ತು. ವ್ಯಾಪಾರಿಗಳು ಡಬ್ಬಿ ಮುಚ್ಚಲು ಶುರುಮಾಡಿದ ಹೊತ್ತಿಗೆ ಗೋಡೆ ಬದಿಯ ಮೇಜಿನಲ್ಲಿ ಒಂದು ಪುಟ್ಟ ಕಾಗದದ ಲಕೋಟೆ ಅವಳ ಕೈಗೆ ಬಂತು. ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದರು: ರಾಯ್ಸ್ ಹಿರಿಯ ಶಾಖೆ, ಹೈನ್ರಿಖ್ ಇಪ್ಪತ್ತೆರಡು, ಎರಡು ಮಾರ್ಕ್. ಅದರಡಿಯಲ್ಲಿ ಸಣ್ಣಕ್ಷರದಲ್ಲಿ: ತೂತು ಮುಚ್ಚಿದ್ದು.

ನಾಣ್ಯ ಕೈಗೆತ್ತಿಕೊಂಡಳು. ಯಾವುದೋ ಮಗುವಿನ ನಾಮಕರಣಕ್ಕೆ ಸರದಲ್ಲಿ ಪೋಣಿಸಲು ಯಾರೋ ಕೊರೆಸಿದ ತೂತು. ಆಮೇಲೆ ಇನ್ಯಾರೋ ಅದಕ್ಕೆ ಬೆಳ್ಳಿ ತುಂಬಿ, ಮೇಲೆ ಗೆರೆ ಕೆತ್ತಿ ಸರಿ ಮಾಡಿದ್ದರು. ಜಾಣ ಕೆಲಸ. ಆದರೂ ಹದ್ದಿನ ಕಿರೀಟದ ಪಕ್ಕ ಬೇಳೆ ಕಾಳಿನಷ್ಟು ಜಾಗ ಉಳಿದದ್ದಕ್ಕಿಂತ ಮಸುಕಾಗಿತ್ತು. ಉಳಿದಂತೆ ನಾಣ್ಯ ಇಬ್ಬನಿಯ ಹಾಗೆ ಹೊಳೆಯುತ್ತಿತ್ತು.

"ಏನದು? ಯಾಕೆ ಸುಮ್ಮನಾದೆ?" ಎಂದ ವೋಲ್ಕ್‌ಮಾರ್.

"ಹೈನ್ರಿಖ್," ಎಂದಳು.

ಅವನ ಮೊಣಕೈ ಬಿಗಿಯಾಯಿತು. "ಓದು."

ಅವಳು ಓದಿದಳು. ದೊರೆಯ ತಲೆಗೂದಲು ಎಳೆಎಳೆಯಾಗಿದೆ ಎಂದಳು. ಮೂಗು ಸರಿಯಾಗಿದೆ ಎಂದಳು. ಹದ್ದಿನ ಎದೆ, ಎಡ ರೆಕ್ಕೆ, ಬಲ ರೆಕ್ಕೆ, ಪ್ರತಿ ಗರಿಯನ್ನೂ ಬಿಡಿಸಿ ಹೇಳಿದಳು, ಎಲ್ಲವೂ ನಿಜ. ಅಂಚು ನೀನೇ ನೋಡು ಎಂದು ಅವನ ಬೆರಳಿಗೆ ಕೊಟ್ಟಳು. ಅಂಚಿನ ಗೆರೆಗಳ ಮೇಲೆ ಬೆರಳಾಡಿಸಿ ಅವನು ತಲೆದೂಗಿದ. ನಾಣ್ಯದ ಮುಖಕ್ಕೆ ಬೆರಳಿಡುವುದು ನಾಣ್ಯ ಕೂಡಿಸುವವರ ಪೈಕಿ ಮಹಾಪಾಪ, ಆದ್ದರಿಂದ ಅವನು ಅಲ್ಲಿಗೆ ಹೋಗಲಿಲ್ಲ.

"ಕಿರೀಟ?"

ಮೇಜಿನಾಚೆ ನಿಂತಿದ್ದ ವ್ಯಾಪಾರಿ ಬಾಯಿ ತೆರೆದ. ಗುಡ್ರುನ್ ಅವನ ಕಡೆ ನೋಡಿದಳು. ಏನು ಕಂಡನೋ ಅವಳ ಮುಖದಲ್ಲಿ, ತೆರೆದ ಬಾಯಿ ಮುಚ್ಚಿಕೊಂಡು, ಬಗ್ಗಿ ತನ್ನ ಪೆಟ್ಟಿಗೆಗೆ ಹಗ್ಗ ಕಟ್ಟತೊಡಗಿದ. ಅವನಿಗೂ ಮನೆಗೆ ಹೋಗಬೇಕಿತ್ತು.

"ಕಿರೀಟ ಪೂರ್ತಿ ಇದೆ," ಎಂದಳು. ಅದೂ ನಿಜವೇ, ಕಿರೀಟ ಪೂರ್ತಿಯೇ ಇತ್ತು. ಆಮೇಲೆ ಬೆಲೆಯನ್ನೂ ಓದಿದಳು.

"ಬೆಲೆ ಇಷ್ಟು ಕಮ್ಮಿ ಯಾಕೆ?"

"ಸಂತೆ ಮುಗೀತಾ ಬಂತಲ್ಲ. ವಾಪಸ್ ಹೊತ್ಕೊಂಡು ಹೋಗೋದ್ಯಾಕೆ ಅಂತ ಇರಬೇಕು."

ಹೀಗೆ ಹೈನ್ರಿಖ್ ಕೈಗೆ ಬಂದ. ವಾಪಸು ಬರುವಾಗ ವೋಲ್ಕ್‌ಮಾರ್ ಲಕೋಟೆಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಶಿಳ್ಳೆ ಹಾಕುತ್ತಿದ್ದ. ಗುಡ್ರುನ್ ತನ್ನ ಮನಸ್ಸಿನಲ್ಲಿ ಆಗಲೇ ಕುಕ್ಸ್‌ಹಾಫೆನ್ನಿನ ರೈಲು ಹತ್ತಿದ್ದಳು. ತಪ್ಪು ಮಾಡಿದ್ದೇನೆ ಎನ್ನಿಸಲಿಲ್ಲ ಅವಳಿಗೆ. ನಿದ್ದೆ ಬರುತ್ತಿದೆ ಎನ್ನಿಸಿತು, ಅಷ್ಟೇ. ಅಷ್ಟರಲ್ಲಿ ಅವನು ಶಿಳ್ಳೆ ನಿಲ್ಲಿಸಿ, "ನಾಳೆ ಭಾನುವಾರ ಅಲ್ವಾ? ಮೇಜಿಗೆ ತಗೊಂಡು ಹೋಗೋಣ. ಹಾರ್ಟ್‌ವಿಗ್ ಹೊಟ್ಟೆ ಉರ್ಕೊಂಡು ಸಾಯ್ಬೇಕು," ಎಂದ. ಅವಳ ರೈಲು ಅಲ್ಲೇ ನಿಂತಿತು.

ಮೇಜು ಎಂದರೆ 'ಹಸಿರು ಮರ' ಎಂಬ ಹಳೆಯ ಹೋಟೆಲಿನ ಹಿಂಕೋಣೆಯ ಮೇಜು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವವರು ಚರ್ಚಿಗೆ ಹೋದರೆ, ಈ ನಾಲ್ವರು ಅಲ್ಲಿ ಸೇರುತ್ತಿದ್ದರು. ಟ್ರಾಮ್ ಓಡಿಸಿ ನಿವೃತ್ತನಾದ ಎಗ್ಗರ್ಟ್, ಔಷಧಿ ಅಂಗಡಿಯ ಬುರ್ಕ್‌ಹಾರ್ಟ್, ಶಾಲೆ ಮೇಷ್ಟ್ರಾಗಿದ್ದ ಹಾರ್ಟ್‌ವಿಗ್, ಮತ್ತು ವೋಲ್ಕ್‌ಮಾರ್. ಆ ಮೇಜಿಗೆ ಒಂದೇ ಒಂದು ಕಟ್ಟಳೆ. ಹೊಸ ನಾಣ್ಯ ಬಂದರೆ ಕೈಯಿಂದ ಕೈಗೆ ಸುತ್ತಬೇಕು, ನೋಡಿದವನು ಒಂದಾದರೂ ಐಬು ಹೇಳಬೇಕು. ಹೇಳಲಾರದವನು ಎಲ್ಲರಿಗೂ ಬಿಯರ್ ಕೊಡಿಸಬೇಕು. ಇಷ್ಟು ವರ್ಷದಲ್ಲಿ ಆ ಕಟ್ಟಳೆಯಿಂದ ಹೋಟೆಲಿನ ಯಜಮಾನಿಯ ಒಂದು ಲೋಟ ಬಿಯರ್ ಕೂಡ ಮಾರಾಟವಾಗಿರಲಿಲ್ಲ. ಟಂಕಸಾಲೆಯಿಂದ ಈಗ ತಾನೇ ಬಿದ್ದ ಬಿಸಿ ನಾಣ್ಯ ತಂದಿಟ್ಟರೂ ಅವರು, ಬಿಸಿಯಾಗಿದೆ, ಅದೇ ಐಬು ಎನ್ನುವ ಜನ.

ರಾತ್ರಿ ಮಲಗುವ ಮೊದಲು ಎಗ್ಗರ್ಟ್‌ಗೆ ಫೋನ್ ಮಾಡಿ ಹೇಳಿಬಿಡಲೇ ಎಂದುಕೊಂಡಳು. ಏನೆಂದು ಹೇಳುವುದು? ನನ್ನ ಗಂಡನಿಗೆ ಮೋಸ ಮಾಡಿದ್ದೇನೆ, ನೀವೂ ಕೈ ಜೋಡಿಸಿ ಅಂತಲೇ? ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಎದ್ದು ಫೋನ್ ತನಕ ನಡೆಯಲು ಮೈಯಲ್ಲಿ ತ್ರಾಣವಿರಲಿಲ್ಲ.

ಬೆಳಿಗ್ಗೆ ವೋಲ್ಕ್‌ಮಾರ್ ಟೈ ಕಟ್ಟಿಕೊಂಡು ಮೇಜಿನ ತುದಿಯಲ್ಲಿ ಕೂತ. ಅವಳು ಪಕ್ಕದಲ್ಲಿ, ಮುಂದೊಂದು ಕಾಫಿ ಇಟ್ಟುಕೊಂಡು. ಅವನು ಲಕೋಟೆಯಿಂದ ನಾಣ್ಯವನ್ನು ಬಟ್ಟೆಯ ಮೇಲೆ ಜಾರಿಸಿ, "ನೋಡ್ರಪ್ಪ, ಬಂದ. ಬೈಯ್ರಿ ಈಗ ಎಷ್ಟು ಬೈತೀರೋ," ಎಂದ.

ಎಗ್ಗರ್ಟ್ ಮೊದಲು ಎತ್ತಿಕೊಂಡ. ತಲೆಯ ಬದಿ ನೋಡಿದ, ತಿರುಗಿಸಿದ, ಭೂತಗನ್ನಡಿ ಹಿಡಿದ. ಅವನ ಕೈ ನಿಂತಿತು. ಕಿರೀಟದ ಪಕ್ಕ ನಿಂತಿತೆಂದು ಗುಡ್ರುನ್‌ಗೆ ಗೊತ್ತಾಯಿತು. ಅವನು ನಿಧಾನವಾಗಿ ತಲೆಯೆತ್ತಿ ವೋಲ್ಕ್‌ಮಾರ್‌ನ ಹೊಳೆಯುವ ಮುಖ ನೋಡಿದ, ಆಮೇಲೆ ಅವಳನ್ನು ನೋಡಿದ. ಅವಳು ಕಣ್ಣು ತಪ್ಪಿಸದೆ ತಿರುಗಿ ನೋಡಿದಳು. ಎಗ್ಗರ್ಟ್ ಭೂತಗನ್ನಡಿ ಕೆಳಗಿಟ್ಟ.

"ಏನೂ ಸಿಗ್ತಿಲ್ಲ ಮಾರಾಯ," ಎಂದ. "ನನ್ನ ಕಡೆಯಿಂದ ಒಂದು ಸುತ್ತು ಬಿಯರ್."

"ಆಹಾ!" ವೋಲ್ಕ್‌ಮಾರ್ ಮೇಜು ಗುದ್ದಿದ. "ಟ್ರಾಮಿನವನು ಹಳಿ ತಪ್ಪಿದ! ಯಜಮಾನಿ, ಬಿಯರ್!"

ಬುರ್ಕ್‌ಹಾರ್ಟ್ ಆ ಹೊತ್ತಿಗೆ ಎಗ್ಗರ್ಟ್‌ನ ಮುಖ ಓದಿಕೊಂಡಿದ್ದ. ಔಷಧಿ ಅಂಗಡಿಯವನು, ರೋಗಿಯ ಮುಂದೆ ಹೇಗೆ ಮುಖ ಇಟ್ಟುಕೊಳ್ಳಬೇಕೆಂದು ಗೊತ್ತಿದ್ದವನು. ಭೂತಗನ್ನಡಿ ಹಿಡಿದು, ತುಸು ಹೊತ್ತು ಹೂಂಗುಟ್ಟಿ, "ಬಣ್ಣ ಸೊಗಸಾಗಿದೆ. ಇಂಥದ್ದು ನಾನು ನೋಡೇ ಇಲ್ಲ. ಕೊಡಮ್ಮ, ನನ್ನದೂ ಒಂದು ಸುತ್ತು," ಎಂದ.

ವೋಲ್ಕ್‌ಮಾರ್ ನಕ್ಕ. ಈ ಸಲ ಮೇಜು ಗುದ್ದಲಿಲ್ಲ.

ನಾಣ್ಯ ಹಾರ್ಟ್‌ವಿಗ್ ಕೈಗೆ ಹೋಯಿತು. ಗುಡ್ರುನ್ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಾರ್ಟ್‌ವಿಗ್ ಸುಳ್ಳು ಹೇಳುವವನೇ ಅಲ್ಲ. ಸತ್ಯವಂತನೆಂದಲ್ಲ, ನಾಲಿಗೆ ಕೆಟ್ಟದ್ದು. ಹೆಂಡತಿಯ ಶವಪೆಟ್ಟಿಗೆಯ ಮರ ಸರಿಯಿಲ್ಲವೆಂದು ಸ್ಮಶಾನದಲ್ಲೇ ಬಡಗಿಯ ಜೊತೆ ಜಗಳಕ್ಕೆ ನಿಂತವನು. ಅದೂ ಸಾಲದೆಂಬಂತೆ ಊರಿಗೇ ಹೆಸರಾದ ಜಿಪುಣ. ಅವನು ನಾಣ್ಯ ತಿರುಗಿಸಿ ನೋಡಿ, "ಇದೇನಿದು..." ಎಂದು ಶುರುಮಾಡಿದ. ಮೇಜಿನಡಿ ಎಗ್ಗರ್ಟ್ ಅವನ ಕಾಲು ತುಳಿದಿರಬೇಕು, ಹಾರ್ಟ್‌ವಿಗ್ ಮುಖ ಕಿವುಚಿದ. ಕಣ್ಣೆತ್ತಿ ಗುಡ್ರುನ್ ಕಡೆ ನೋಡಿದ.

"ಇದೇನಿದು, ಬಾಯಿ ಒಣಗ್ತಾ ಇದೆ," ಎಂದ ಕೊನೆಗೆ, ಹಲ್ಲು ಕೀಳಿಸಿಕೊಂಡವನ ಧ್ವನಿಯಲ್ಲಿ. "ಯಜಮಾನಿ, ನನ್ನ ಲೆಕ್ಕದಲ್ಲಿ ಎಲ್ಲರಿಗೂ ಬಿಯರ್."

ಹೋಟೆಲಿನ ಯಜಮಾನಿ ಬಾಗಿಲಲ್ಲೇ ನಿಂತು, ಸರಿಯಾಗಿ ಕೇಳಿಸಿತೇ ಎಂಬಂತೆ ಕಿವಿ ಮುಂದೆ ಮಾಡಿದಳು.

ಲೋಟಗಳು ಬಂದವು. ವೋಲ್ಕ್‌ಮಾರ್ ಕೈ ಚಾಚಿ ತನ್ನ ಮುಂದಿನ ಲೋಟಗಳನ್ನು ಒಂದೊಂದಾಗಿ ಮುಟ್ಟಿದ, ಎಗ್ಗರ್ಟ್‌ದು, ಬುರ್ಕ್‌ಹಾರ್ಟ್‌ದು, ಹಾರ್ಟ್‌ವಿಗ್‌ದು. ಅವನ ಮುಖದ ಹೊಳಪು ಇಳಿಯುತ್ತ ಹೋದದ್ದನ್ನು ಗುಡ್ರುನ್ ಪಕ್ಕದಲ್ಲೇ ಕೂತು ನೋಡಿದಳು.

"ಹಾರ್ಟ್‌ವಿಗ್ ಬಿಯರ್ ಕೊಡಿಸ್ತಾನೆ ಅಂದ್ರೆ ಯಾರೋ ಸತ್ತಿರಬೇಕು," ಎಂದ ವೋಲ್ಕ್‌ಮಾರ್ ಮೆಲ್ಲಗೆ. "ಏನಾಗಿದೆ ಇದಕ್ಕೆ?"

"ಏನಿಲ್ಲ ಕಣಯ್ಯ," ಎಂದ ಎಗ್ಗರ್ಟ್.

"ನನಗೆ ಕಣ್ಣು ಹೋಗಿದೆ ಎಗ್ಗರ್ಟ್, ಬುದ್ಧಿ ಹೋಗಿಲ್ಲ. ನನ್ನ ಬ್ರೆಮೆನ್ ನಾಣ್ಯಕ್ಕೆ ನೀವು ಅರ್ಧ ದಿನ ಉಗಿದ್ರಿ. ನನ್ನ ಲ್ಯೂಬೆಕ್ ನೋಡಿ ಈ ಹಾರ್ಟ್‌ವಿಗ್, ಗುಂಡಿ ಮಾಡಿ ಕೋಟಿಗೆ ಹೊಲ್ಕೋ ಅಂದ. ಇವತ್ತು ಮೂರು ಜನ ಸೇರಿ ನನ್ನನ್ನ ಯಾಕೆ ಹೀಗೆ ಅವಮಾನ ಮಾಡ್ತಾ ಇದ್ದೀರಿ?"

ಗೆಳೆಯರು ಲೋಟ ನೋಡುತ್ತ ಕೂತರು. ತನ್ನ ಸುಳ್ಳಿಗೆ ಈ ಮೂವರು ಮುದುಕರು ತಲೆ ತಗ್ಗಿಸಬೇಕಾಯಿತಲ್ಲ ಎಂದು ಗುಡ್ರುನ್ ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಅವರನ್ನ ಬೈಬೇಡ," ಎಂದಳು. "ತೂತು ಮುಚ್ಚಿದ ನಾಣ್ಯ ಅದು. ಕಿರೀಟದ ಎಡಗಡೆ. ಲಕೋಟೆ ಮೇಲೂ ಬರೆದಿತ್ತು."

"ನಿನಗೆ ಕಾಣಲಿಲ್ವಾ?"

"ಕಾಣಿಸ್ತು."

ಅವನು ಅವಳ ಕಡೆ ತಿರುಗಿದ. ಅವನ ರೂಢಿಯಂತೆ, ನೋಡಬೇಕಾದವಳನ್ನು ಬಿಟ್ಟು ಅವಳ ಕಿವಿಯಾಚೆ ನೋಡಿದ. ಹಾಗೆ ನೋಡಿದರೇ ಅವಳು ಸ್ವಲ್ಪವಾದರೂ ಕಾಣುತ್ತಿದ್ದುದು. "ಮತ್ತೆ ಯಾಕೆ?"

"ಸಾಕಾಗಿದೆ ವೋಲ್ಕ್‌ಮಾರ್. ನನ್ನ ಕೈಲಿ ಇನ್ನು ಓದಕ್ಕೆ ಆಗಲ್ಲ. ಕಣ್ಣು ಮುಚ್ಚಿದ್ರೆ ಗರಿ ಕಾಣುತ್ತೆ. ನಾನು ಲೋರೆ ಹತ್ರ ಹೋಗ್ಬೇಕು. ಒಂದು ತಿಂಗಳು ನನ್ನನ್ನ ಯಾರೂ ಏನೂ ಕೇಳಬಾರದು."

"ಯಾವಾಗಿಂದ ಹೀಗೆ?"

ಅವಳು ಯೋಚಿಸಿದಳು. ಅವಳ ಬದುಕಿನ ವರ್ಷಗಳೆಲ್ಲ ಆ ತಟ್ಟೆಯ ಕುಳಿಗಳಲ್ಲೇ ನೆನಪಿದ್ದವು. "ವಾಲ್ಡೆಕ್ ನಾಣ್ಯ ಬಂದಾಗಿಂದ."

"ವಾಲ್ಡೆಕ್ಕಾ?" ಹಾರ್ಟ್‌ವಿಗ್ ತಡೆಯಲಾರದೆ ಬಾಯಿ ಹಾಕಿದ. "ಆಗ ಇವನಿಗೆ ಕಣ್ಣು ಚೆನ್ನಾಗೇ ಇತ್ತಲ್ಲ!"

"ಇತ್ತು," ಎಂದಳು ಗುಡ್ರುನ್.

ಕೋಣೆಯಲ್ಲಿ ಬಿಯರಿನ ನೊರೆ ಇಳಿಯುತ್ತಿತ್ತು. ವೋಲ್ಕ್‌ಮಾರ್ ಎದ್ದು ಕೂಗಾಡಬಹುದು, ಅಳಬಹುದು, ಈಗಲೇ ಮನೆಗೆ ನಡಿ ಎನ್ನಬಹುದು. ಯಾವುದಕ್ಕೂ ಅವಳು ತಯಾರಿದ್ದಳು. ಇದಕ್ಕೇ ಹೆದರಿ ತಾನೇ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದು.

ವೋಲ್ಕ್‌ಮಾರ್ ಒಂದು ಲೋಟ ಎತ್ತಿ ಅರ್ಧ ಕುಡಿದ, ಮೀಸೆ ಒರೆಸಿಕೊಂಡ.

"ಹಾರ್ಟ್‌ವಿಗ್, ಸಂಜೆ ಹೊತ್ತು ನಿನಗೇನು ಕೆಲಸ?"

"ಬೆಕ್ಕಿಗೆ ಊಟ ಹಾಕ್ತೀನಿ. ಇನ್ನೇನಿದೆ?"

"ಬೆಕ್ಕನ್ನೂ ಕರ್ಕೊಂಡು ನಮ್ಮನೆಗೆ ಬಾ. ನಾಣ್ಯ ಓದು."

"ನಾನು ಹೊಗಳಲ್ಲ ನೋಡು."

"ಹೊಗಳಿದ್ರೆ ಒದ್ದು ಆಚೆ ಹಾಕ್ತೀನಿ."

"ಬುಧವಾರ ನನಗೆ ಬಿಡುವು," ಎಂದ ಬುರ್ಕ್‌ಹಾರ್ಟ್. "ನಾನು ಬರ್ತೀನಿ. ಈ ಮೇಷ್ಟ್ರು ಓದಿದ್ರೆ ನಿನಗೆ ಪಾಠ ಕೇಳಿದ ಹಾಗಿರುತ್ತೆ."

"ಶುಕ್ರವಾರ ನಂದು," ಎಂದ ಎಗ್ಗರ್ಟ್. "ಆದ್ರೆ ಊಟ ಇರ್ಬೇಕಪ್ಪ."

"ಬ್ರೆಡ್ಡು ಕೊಯ್ಯಕ್ಕೆ ನನಗೂ ಬರುತ್ತೆ. ಈ ಹೈನ್ರಿಖನ್ನ ಮಾರಿಬಿಡೋಣ. ಬೇರೆಯವನನ್ನ ಹುಡುಕೋಣ, ತೂತಿಲ್ಲದವನನ್ನ," ಎಂದ ವೋಲ್ಕ್‌ಮಾರ್. ಹಾರ್ಟ್‌ವಿಗ್ ಆ ನಾಣ್ಯವನ್ನು ಕಸಿದುಕೊಂಡು, ತಡೆಹಿಡಿದಿದ್ದ ಬೈಗುಳವನ್ನೆಲ್ಲ ಕಟ್ಟೆಯೊಡೆದಂತೆ ಸುರಿಸತೊಡಗಿದ. ತೂತು ಮುಚ್ಚಿದವನು ಅಕ್ಕಸಾಲಿಗನೋ ಕೊಳಾಯಿಯವನೋ, ಹದ್ದೋ ಕೋಳಿಯೋ. ಎಲ್ಲರೂ ಮೇಜು ಗುದ್ದಿ ನಕ್ಕರು. ವೋಲ್ಕ್‌ಮಾರ್ ಎಲ್ಲರಿಗಿಂತ ಜೋರಾಗಿ ನಕ್ಕ.

ಗುಡ್ರುನ್ ಕೋಟು ತೆಗೆದುಕೊಂಡು ಹೊರಗೆ ಬಂದು ಕಾರಿನಲ್ಲಿ ಕೂತಳು. ಇಷ್ಟು ವರ್ಷ ಆಡಲು ಹೆದರಿದ ಮಾತು ಒಂದು ಲೋಟ ಬಿಯರ್ ಕುಡಿಯುವಷ್ಟರಲ್ಲಿ ಮುಗಿದುಹೋಗಿತ್ತು. ಅವಳ ಜಾಗಕ್ಕೆ ಮೂವರು ಸಿಕ್ಕಿದ್ದರು, ಒಂದು ಬೆಕ್ಕು ಬೇರೆ. ಸ್ಟೀರಿಂಗ್ ಮೇಲೆ ಹಣೆಯಿಟ್ಟು ಅತ್ತಳು. ಹಗುರವಾಗಿ ಬಂದ ಅಳುವಲ್ಲ ಅದು. ಮೈಯೆಲ್ಲ ನೋಯುವ ಹಾಗೆ ಅತ್ತಳು.

ತುಸು ಹೊತ್ತಿಗೆ ವೋಲ್ಕ್‌ಮಾರ್ ಗೋಡೆ ಸವರಿಕೊಂಡು ಬಂದ. ಬಾಗಿಲು ತಡಕಿ ತೆಗೆದು ಪಕ್ಕದಲ್ಲಿ ಕೂತ. ಅವಳ ಉಸಿರು ಕೇಳಿ ಅವನಿಗೆ ಗೊತ್ತಾಯಿತು.

"ಅಳ್ತಾ ಇದ್ದೀಯಾ? ಯಾಕೆ? ನಾಳೇನೇ ಹೋಗು ಅಂತ ಹೇಳಕ್ಕೆ ಬಂದೆ ನಾನು. ನೀನು ಕೇಳಿದ್ದು ಕೊಟ್ಟೆನಲ್ಲ, ಗುಡ್ರುನ್. ಕೇಳಿದ ತಕ್ಷಣ ಕೊಟ್ಟೆನಲ್ಲ."

"ಅದಕ್ಕೇ," ಎಂದಳು ಅವಳು.

ಅವನಿಗೆ ಅರ್ಥವಾಯಿತೋ ಇಲ್ಲವೋ. ಅವಳ ತೋಳು ಹುಡುಕಿ ಹಿಡಿದುಕೊಂಡ. ಅವಳು ಮೂಗೊರೆಸಿಕೊಂಡು, ಕನ್ನಡಿ ಸರಿಮಾಡಿಕೊಂಡು, ಗಾಡಿ ಹೊರಡಿಸಿದಳು.